ಲೈಕಿನಿಂದ ಜ್ವಾಳ ಬರಂಗಿಲ್ಲ

ಹದಿನೇಳು ಸೆಕೆಂಡಿನ ರೀಲು ಓಡಿತು, ಫೋನು ಬಿಸಿಯಾಯಿತು, ಪಾರ್ಸೆಲ್ಲಿನಲ್ಲಿ ರೊಟ್ಟಿ ಪುಡಿಯಾಯಿತು! ಪೆಟ್ಟು ತಿಂದ ಮೇಲೆ ಉಣಕಲ್ಲಿನ ಒಂದು ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಲೆಕ್ಕಕ್ಕೆ ಕೂತಿತು. ವಾರಕ್ಕೆ ಮೂರೇ ಪೋಸ್ಟು, ಆದರೆ ತಪ್ಪಿಸುವಂತಿಲ್ಲ.

ಕೆರೆ ಕೋಡಿ ಬಿದ್ದರೆ ಉಣಕಲ್ಲಿನಲ್ಲಿ ಯಾರೂ ಡಂಗುರ ಸಾರಬೇಕಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಹುಬ್ಬಳ್ಳಿ ದಂಡೆಯ ಮೇಲಿರುತ್ತದೆ. ಚಿಗರಿ ಬಸ್ಸು ಕೆರೆ ನಿಲ್ದಾಣದಲ್ಲಿ ಬಾಗಿಲು ತೆರೆದಾಗಲೆಲ್ಲ ಕಾಲೇಜು ಹುಡುಗರ ಒಂದು ಹಿಂಡು ಇಳಿಯುತ್ತದೆ. ಜಿಟಿಜಿಟಿ ಮಳೆ. ಕೆಂಡದ ಮೇಲೆ ಗೋವಿನಜೋಳದ ತೆನೆ ಚಟಪಟ ಅನ್ನುತ್ತಿರುತ್ತದೆ. ಎಡಗೈಯಲ್ಲಿ ಗಿರ್ಮಿಟ್ಟಿನ ಪ್ಲೇಟು, ಬಲಗೈಯಲ್ಲಿ ಮೊಬೈಲು.

ಸುಮಾರು 200 ಎಕರೆಯ ಕೆರೆ. ಅಂತರಗಂಗೆ ಹಬ್ಬಿ ಬೇಸಿಗೆಯಲ್ಲಿ ಮೂಗು ಮುಚ್ಚಿಸುತ್ತದೆ ಎಂದು ವರ್ಷವಿಡೀ ಬೈಯುವವರೇ ಶ್ರಾವಣದಲ್ಲಿ ಅದರ ಮುಂದೆ ನಿಂತು ವಿಡಿಯೊ ಮಾಡುತ್ತಾರೆ.

ಎರಡು ಶ್ರಾವಣದ ಹಿಂದೆ, ರೊಟ್ಟಿ ಬಡಿದು ಮಾರುವ ನಮ್ಮ ವೈನಿಯ (ಅತ್ತಿಗೆಯ) ಮಗನೂ ಆ ಗುಂಪಿನಲ್ಲಿದ್ದ. ಎಂಜಿನಿಯರಿಂಗ್ ಓದುವ ಹುಡುಗ. ಕೋಡಿಯ ನೀರು ಧುಮುಕುವುದನ್ನು ಹಿಡಿದುಕೊಂಡು ಮನೆಗೆ ಬಂದ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅದನ್ನೂ ಹಿಡಿದ. ನೀರಿನ ಸದ್ದಿನೊಳಗೆ ರೊಟ್ಟಿಯ ಟಪ್ ಟಪ್ ಸೇರಿಸಿ, ಕೆಳಗೆ ಒಂದು ಸಾಲು ಬರೆದ: 'ಕೆರಿ ತುಂಬೈತಿ, ಬುಟ್ಟಿನೂ ತುಂಬೈತಿ.'

ಹದಿನೇಳು ಸೆಕೆಂಡು. ಬೆಳಗಾಗುವಷ್ಟರಲ್ಲಿ ಅದು ಊರು ದಾಟಿತ್ತು.

### ಹಿಟ್ಟು ಬಂದಿದೆ, ರೊಟ್ಟಿ ಯಾವಾಗ?

ಬೀದರಿನಿಂದ ಫೋನು, ಬೆಂಗಳೂರಿನಿಂದ ಫೋನು, ಶಾರ್ಜಾದಿಂದಲೂ ಫೋನು. 'ಕಡಕ್ ರೊಟ್ಟಿ ಎಷ್ಟ್ರಿ? ಶೇಂಗಾ ಹಿಂಡಿ ಅದಾವೇನ್ರಿ? ಕಳಸ್ತೀರೇನ್ರಿ?' ವೈನಿ ಎಲ್ಲರಿಗೂ ಹೂಂ ಅಂದಳು. ಬೇಡ ಅನ್ನುವುದು ಆಕೆಯ ಜಾಯಮಾನವಲ್ಲ.

ಆದರೆ ಲೆಕ್ಕ ಕೇಳಿ. ವೈನಿ ಮತ್ತು ಓಣಿಯ ಇನ್ನಿಬ್ಬರು ಹೆಂಗಸರು ಸೇರಿ ದಿನಕ್ಕೆ ಬಡಿಯುವುದು ಮುನ್ನೂರು ರೊಟ್ಟಿ. ಅದರಲ್ಲಿ ಅರ್ಧಕ್ಕರ್ಧ ವಿದ್ಯಾನಗರ, ನವನಗರ, ಭೈರಿದೇವರಕೊಪ್ಪದ ಹಳೆಯ ಗಿರಾಕಿಗಳಿಗೇ ಬೇಕು. ಹೊಸ ಆರ್ಡರು ವಾರದೊಳಗೆ ಮೂರು ಸಾವಿರ ದಾಟಿತು. ಹೆಂಚು ಮೂರು, ಕೈ ಆರು. ಜೋಳದ ರೊಟ್ಟಿಗೆ ಅವಸರ ನಡೆಯುವುದಿಲ್ಲ. ಹಿಟ್ಟು ಚೆನ್ನಾಗಿ ನಾದದಿದ್ದರೆ ಅಂಚು ಸೀಳುತ್ತದೆ, ಪೂರ್ತಿ ಒಣಗದೆ ಕಟ್ಟಿದರೆ ಬೂಸಲು ಬರುತ್ತದೆ.

ಕೊರಿಯರ್ ಪೆಟ್ಟಿಗೆ ಬೆಂಗಳೂರು ಮುಟ್ಟಿದಾಗ ಒಳಗಿದ್ದದ್ದು ಚೂರು. ಒಬ್ಬರು ಫೋಟೊ ಸಮೇತ ಬರೆದರು: 'ಹಿಟ್ಟು ಬಂದಿದೆ, ರೊಟ್ಟಿ ಯಾವಾಗ?' ಆ ಕಾಮೆಂಟಿಗೆ ಬಿದ್ದಷ್ಟು ನಗುವಿನ ಗುರುತು ರೀಲಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಹುಡುಗನ ಪರೀಕ್ಷೆ ಬಂತು. ಮೊದಲ ತಿಂಗಳು ದಿನಕ್ಕೊಂದರಂತೆ ಪೋಸ್ಟು ಹಾಕಿದವನು ಮುಂದಿನ ಎರಡು ತಿಂಗಳು ಪುಟದ ಕಡೆ ತಿರುಗಿ ನೋಡಲಿಲ್ಲ. ಬಂದ ಪ್ರಶ್ನೆಗಳಿಗೆ ಉತ್ತರವಿಲ್ಲ. ಬೋರ್ಡು ನೇತಾಡುತ್ತಿದೆ, ಬಾಗಿಲಿಗೆ ಕೀಲಿ. ಹತ್ತು ವರ್ಷದಿಂದ ರೊಟ್ಟಿ ಒಯ್ಯುತ್ತಿದ್ದ ವಿದ್ಯಾನಗರದ ನಿವೃತ್ತ ಶಿಕ್ಷಕಿಯೊಬ್ಬರು ದೇವಸ್ಥಾನದಲ್ಲಿ ಸಿಕ್ಕು ಕೇಳಿದರು, 'ಯಾಕವಾ, ರೊಟ್ಟಿ ಮಾಡೂದು ಬಿಟ್ಟಿಯಂತ?'

ಅದು ವೈನಿಗೆ ನಾಟಿತು. ಹೊಸಬರು ಬೈದದ್ದಕ್ಕಿಂತ ಹಳಬರು ಬಿಟ್ಟದ್ದು ಹೆಚ್ಚು ನೋಯಿಸಿತು.

ನನ್ನ ಎಣಿಕೆಯಲ್ಲಿ ಆ ರೀಲು ಸೋಲಲಿಲ್ಲ. ಗೆಲ್ಲುವುದಕ್ಕೆ ಮನೆ ಸಜ್ಜಾಗಿರಲಿಲ್ಲ, ಅಷ್ಟೆ. ಸಣ್ಣ ವ್ಯಾಪಾರಸ್ಥರು ಜಾಲತಾಣದಲ್ಲಿ ಎಡವುವುದು ಹೆಚ್ಚಾಗಿ ಹೀಗೇ: ಯಾರೂ ನೋಡಲಿಲ್ಲವೆಂದಲ್ಲ, ಎಲ್ಲರೂ ಒಮ್ಮೆಗೇ ನೋಡಿದರೆಂದು. ಅಥವಾ ನೋಡಲು ಬಂದವರಿಗೆ ಮರುವಾರ ಏನೂ ಕಾಣಲಿಲ್ಲವೆಂದು.

### ಹನ್ನೆರಡು ಪೋಸ್ಟಿಗೆ ಹದಿನೈದು ಸಾವಿರ

ಪರಿಹಾರಕ್ಕೆಂದು ನಾನೇ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಚೇರಿಗೆ ಕರೆದುಕೊಂಡು ಹೋದೆ. ತಪ್ಪು ನನ್ನದೇ. ಏಸಿ ಕೋಣೆ, ಗಾಜಿನ ಮೇಜು. ತಿಂಗಳಿಗೆ ಹದಿನೈದು ಸಾವಿರ, ಹನ್ನೆರಡು ಪೋಸ್ಟು, ನಾಲ್ಕು ರೀಲು, ಮೇಲೆ ಎಲ್ಲ ಹಬ್ಬಕ್ಕೂ ಶುಭಾಶಯದ ಪೋಸ್ಟರು ಪುಕ್ಕಟೆ. ಮಾದರಿ ತೋರಿಸಿದರು: ಬಾಳೆಎಲೆಯ ಮೇಲೆ ಯಾವುದೋ ಊರಿನ ರೊಟ್ಟಿ, ಮೇಲೆ ಬಂಗಾರದ ಬಣ್ಣದಲ್ಲಿ 'ಅಥೆಂಟಿಕ್ ಟೇಸ್ಟ್ ಆಫ್ ನಾರ್ತ್ ಕರ್ನಾಟಕ'.

ವೈನಿ ಕೂತಲ್ಲೇ ನನ್ನ ಕಡೆ ಬಾಗಿ ಕೇಳಿದಳು, 'ತಮ್ಮಾ, ಅದನ್ನ ಓದಿ ರೊಟ್ಟಿ ತಗೊಳ್ಳಾಕಿ ಯಾರು?'

ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಸುರಿದು ಕೇಳಿಸಿಕೊಳ್ಳುವ ಪ್ರಶ್ನೆ ಇದು. ಆರೇ ಪದಗಳಲ್ಲಿ, ಕಾಸಿಲ್ಲದೆ ಬಂತು. ನಾವು ಚಹಾ ಕುಡಿದು ಎದ್ದು ಬಂದೆವು.

ಶುಭಾಶಯದ ಪೋಸ್ಟರಿನ ಬಗ್ಗೆ ಒಂದು ಮಾತು. ಹುಬ್ಬಳ್ಳಿಗೆ ಫ್ಲೆಕ್ಸಿನ ಹುಚ್ಚು ಹಳೆಯದು. ಸರ್ಕಲ್ಲಿನಲ್ಲಿ ಕಟ್ಟುತ್ತಿದ್ದ ಆ ಫ್ಲೆಕ್ಸು ಈಗ ವಾಟ್ಸ್ಯಾಪಿಗೆ ಬಂದಿದೆ. ದೇವರ ಚಿತ್ರ, ಮೂಲೆಯಲ್ಲಿ ಅಂಗಡಿಯ ಹೆಸರು, ಹಾರ್ದಿಕ ಶುಭಾಶಯಗಳು. ದೀಪಾವಳಿಯ ಬೆಳಿಗ್ಗೆ ಇಂಥವು ನಲವತ್ತು ಬಂದು ಬೀಳುತ್ತವೆ. ಯಾವ ಅಂಗಡಿಯದು ಯಾವುದೆಂದು ಸಂಜೆಗೆ ಒಂದಾದರೂ ನೆನಪಿದ್ದರೆ ಹೇಳಿ.

### ನೋಡುವವರು ಬೇರೆ, ಕೊಳ್ಳುವವರು ಬೇರೆ

ಮನೆಗೆ ಬಂದು ವೈನಿ ಉದ್ರಿ ವಹಿ ತೆಗೆದಳು. 'ಇಂದು ನಗದು, ನಾಳೆ ಉದ್ರಿ' ಎಂದು ಗೋಡೆಗೆ ಬರೆದಿದ್ದರೂ ಉದ್ರಿ ಇಲ್ಲದೆ ಅಂಗಡಿ ನಡೆಯುವುದಿಲ್ಲ ಎನ್ನುವುದು ನಮ್ಮ ಕಡೆಯ ಸತ್ಯ. ಆ ವಹಿಯೇ ಆಕೆಯ ಗಿರಾಕಿಗಳ ಇತಿಹಾಸ. ಪುಟ ತಿರುವುತ್ತ ಹೋದಂತೆ ಮೂರು ಬಗೆಯವರು ಕಂಡರು.

ಒಂದು, ನೌಕರಿ ಮಾಡುವ ಹೆಂಗಸರು. ಬೆಳಿಗ್ಗೆ ರೊಟ್ಟಿ ಬಡಿಯಲು ಪುರುಸೊತ್ತಿಲ್ಲ, ರಾತ್ರಿ ಊಟಕ್ಕೆ ರೊಟ್ಟಿಯೇ ಬೇಕು. ಎರಡು, ಮಕ್ಕಳು ಪರಊರು ಸೇರಿ ಮನೆಯಲ್ಲಿ ಉಳಿದ ಮುದಿ ಜೋಡಿಗಳು. ಮೊಣಕೈ ನೋವು, ಹಲ್ಲಿಗೆ ಮೆತ್ತನ್ನ ಬಿಸಿ ರೊಟ್ಟಿ. ಮೂರು, ಪುಣೆ, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಕಡಕ್ ರೊಟ್ಟಿ, ಗುರೆಳ್ಳು ಪುಡಿ, ಅಗಸಿ ಹಿಂಡಿ ಕಟ್ಟಿ ಕಳಿಸುವ ತಾಯಂದಿರು.

ಈ ಮೂವರಲ್ಲಿ ಇನ್‌ಸ್ಟಾಗ್ರಾಂ ಬಳಸುವವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ವಾಟ್ಸ್ಯಾಪು? ಎಲ್ಲರೂ.

ರೀಲು ನೋಡಿ ಮೆಚ್ಚಿದವರು ಹಾಸ್ಟೆಲ್ಲಿನ ಹುಡುಗರು. ಅವರು ನೋಡುತ್ತಾರೆ, ಗೆಳೆಯನಿಗೆ ಕಳಿಸುತ್ತಾರೆ, 'ಅವ್ವನ ನೆನಪಾತು' ಎಂದು ಬರೆಯುತ್ತಾರೆ. ಆದರೆ ರೊಟ್ಟಿ ಕೊಳ್ಳುವುದಿಲ್ಲ, ಖಾನಾವಳಿಯಲ್ಲಿ ಉಣ್ಣುತ್ತಾರೆ. ಮಗ ಹೊಸ ಪುಟದ ಲೆಕ್ಕ ತೋರಿಸಿ ಬೀಗಿದಾಗ ವೈನಿ ಅಂದದ್ದು ನಮ್ಮ ಮನೆಯಲ್ಲೀಗ ಗಾದೆಯಾಗಿದೆ: 'ಲೈಕಿನಿಂದ ಜ್ವಾಳ ಬರಂಗಿಲ್ಲಪಾ.'

ಹಾಗೆಂದು ನೋಡುವವರು ದಂಡವೇ? ಅಲ್ಲ. ಇನ್‌ಸ್ಟಾಗ್ರಾಮಿನ ಮುಖ್ಯಸ್ಥ ಆಡಂ ಮೊಸ್ಸೆರಿ 2025ರ ಆರಂಭದಲ್ಲಿ ಹೇಳಿದ ಪ್ರಕಾರ ಒಂದು ವಿಡಿಯೊ ಎಷ್ಟು ದೂರ ಹೋಗಬೇಕೆಂದು ನಿರ್ಧರಿಸುವಾಗ ಮೂರು ಸಂಗತಿ ಮೇಲುಗೈ: ಜನ ಎಷ್ಟು ಹೊತ್ತು ನೋಡಿದರು, ಎಷ್ಟು ಮೆಚ್ಚಿದರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳಿಸಿದರು. ಹಾಸ್ಟೆಲ್ಲಿನ ಹುಡುಗ ಅವ್ವನಿಗೆ ಕಳಿಸಿದರೆ ಆ ಅವ್ವ ಕೊಳ್ಳುತ್ತಾಳೆ. ದಾರಿ ಸುತ್ತಿನದು, ಆದರೆ ದಾರಿಯೇ.

### ನಾಲ್ಕು ಬಾಗಿಲ ಗುಡಿ

ಉಣಕಲ್ಲಿನ ಹಳೆಯ ಊರೊಳಗೆ, ಮನೆಗಳ ನಡುವೆ ಚಂದ್ರಮೌಳೇಶ್ವರ ಗುಡಿಯಿದೆ. ಕಲ್ಯಾಣದ ಚಾಲುಕ್ಯರ ಕಾಲದ್ದು. ಗೊತ್ತಿಲ್ಲದವರು ಎರಡು ಓಣಿ ತಪ್ಪಿಯೇ ಮುಟ್ಟುವುದು. ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಚತುರ್ಮುಖ ಲಿಂಗವೂ ಉಂಟು.

ಶಿವನಿಗೆ ನಾಲ್ಕು ಮುಖ ಇರಬಹುದು, ವೈನಿಗೆ ಒಂದೇ. ಅವಳ ಮಗ ಮೊದಲು ಮಾಡಿದ ತಪ್ಪು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಟೆಲಿಗ್ರಾಂ ಎಂದು ನಾಲ್ಕೂ ಕಡೆ ಬಾಗಿಲು ತೆರೆದದ್ದು. ಯಾವ ಬಾಗಿಲಲ್ಲಿ ಯಾರು ಬಂದು ನಿಂತರೆಂದು ನೋಡುವವರೇ ಇಲ್ಲ.

ಎರಡು ಮುಚ್ಚಿಸಿದೆವು. ಉಳಿದದ್ದಕ್ಕೂ ಹೊಸದಾಗಿ ಸೇರಿಸಿದ್ದಕ್ಕೂ ಕೆಲಸ ಹಂಚಿದೆವು. ಮಾರಾಟಕ್ಕೆ ವಾಟ್ಸ್ಯಾಪ್ ಬಿಸಿನೆಸ್. ಊರಿಗೆ ಹೊಸಬರಾದವರು 'ರೊಟ್ಟಿ ಎಲ್ಲಿ ಸಿಗುತ್ತದೆ' ಎಂದು ಹುಡುಕಿದರೆ ಸಿಗಲೆಂದು ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು, ಸಮಯ, ಬಾಗಿಲಿನ ಫೋಟೊ, ಫೋನ್ ನಂಬರು. ಇದಕ್ಕೆ ಹಣವಿಲ್ಲ, ಆದರೂ ಪೇಟೆಯ ಎಷ್ಟೋ ಹಳೆಯ ಅಂಗಡಿಗಳ ಸಮಯ ಅಲ್ಲಿ ತಪ್ಪಾಗಿಯೇ ಇರುತ್ತದೆ, ನಂಬರು ಸತ್ತಿರುತ್ತದೆ. ಇನ್‌ಸ್ಟಾಗ್ರಾಂ ಅಂಗಳದ ರಂಗೋಲಿಯಿದ್ದಂತೆ, ಇರಲಿ. ಯೂಟ್ಯೂಬಿನ ಆಸೆ ಮುಂದಕ್ಕೆ.

ಬಾಕ್ಸ್ | ವಾಟ್ಸ್ಯಾಪಿನ ಒಳಗುಟ್ಟು

*ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಬಂದದ್ದು 2018ರ ಜನವರಿಯಲ್ಲಿ. ಸಣ್ಣ ಅಂಗಡಿಗೆ ಬೇಕಾದದ್ದು ಅದರಲ್ಲಿ ಬಹುಮಟ್ಟಿಗೆ ಇದೆ: ಬೆಲೆಯ ಪಟ್ಟಿ ಇಡುವ ಕ್ಯಾಟಲಾಗ್, ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ, ಅಂಗಡಿ ಮುಚ್ಚಿದ ಹೊತ್ತಿಗೆ ತಾನಾಗಿ ಹೋಗುವ ಸಂದೇಶ, ಗಿರಾಕಿಗಳಿಗೆ ಹಚ್ಚುವ ಬಣ್ಣದ ಚೀಟಿ.*

*ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಮಂದಿಯ ಮಿತಿ. ಅದಕ್ಕಿಂತ ಮುಖ್ಯ, ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ಮುಟ್ಟುತ್ತದೆ. ರೊಟ್ಟಿಯ ಪೊಟ್ಟಣದ ಮೇಲೆ 'ನಂಬರ್ ಸೇವ್ ಮಾಡ್ಕೊಳ್ರಿ' ಎಂದು ಅಚ್ಚು ಹಾಕಿಸಲು ಇದೇ ಕಾರಣ.*

*ಸ್ಟೇಟಸ್ಸಿನ ಆಯುಷ್ಯ 24 ಗಂಟೆ.*

### ಕ್ಯಾಲೆಂಡರಿನ ಹಿಂಬದಿ

ಯೋಜನೆ ಅಂದರೆ ಲ್ಯಾಪ್‌ಟಾಪು, ಬಣ್ಣದ ಪಟ್ಟಿ ಎಂದು ಹುಡುಗ ಎಣಿಸಿದ್ದ. ವೈನಿ ಗೋಡೆಯ ಕ್ಯಾಲೆಂಡರ್ ಇಳಿಸಿದಳು. ಹಾಲಿನವನು ಬಾರದ ದಿನ, ಸಿಲಿಂಡರ್ ಹಚ್ಚಿದ ದಿನ, ಬೀಗರ ಮನೆಯ ಸೀಮಂತ, ಎಲ್ಲ ಅದರಲ್ಲೇ ಇದೆ. ವರ್ಷದ ವ್ಯಾಪಾರವೂ ಅದರಲ್ಲೇ ಇತ್ತು; ನಾವು ಓದಿರಲಿಲ್ಲ.

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗದ ಬುತ್ತಿ ಕಟ್ಟುವವರಿಗೆ ರೊಟ್ಟಿ, ಕಡಬು, ಪುಂಡಿಪಲ್ಲೆ. ಸೀಗಿ ಹುಣ್ಣಿಮೆಗೂ ಅದೇ ಓಡಾಟ. ನಾಗರ ಪಂಚಮಿಗೆ ಉಂಡಿ: ಶೇಂಗಾ, ಎಳ್ಳು, ತಂಬಿಟ್ಟು, ರವೆ. ಪಂಚಮಿಯ ಹದಿನೈದು ದಿನ ಮುಂಚೆಯೇ ತವರಿಗೆ ಬರುವ ಹೆಣ್ಣುಮಕ್ಕಳ ಲೆಕ್ಕ ಶುರುವಾಗುತ್ತದೆ. ಪೋಸ್ಟು ಹಾಕಬೇಕಾದದ್ದು ಆಗ, ಹಬ್ಬದ ದಿನವಲ್ಲ. ಹಬ್ಬದ ಬೆಳಿಗ್ಗೆ ಉಂಡಿಯ ಫೋಟೊ ಹಾಕಿದರೆ ನೋಡಿದವರು ತಮ್ಮ ಮನೆಯ ಉಂಡಿ ತಿನ್ನುತ್ತಿರುತ್ತಾರೆ.

ಆಮೇಲೆ ಬಂತು ವಾರದ ಲೆಕ್ಕ. ಎಷ್ಟು ಪೋಸ್ಟು? ಹುಡುಗ ಏಳು ಅಂದ. ನಾನು ಐದು ಅಂದೆ. ವೈನಿ ಬೇರೆಯೇ ಪ್ರಶ್ನೆ ಹಾಕಿದಳು: 'ಹೋದ ವರ್ಷ ನನಗ ಡೆಂಗಿ ಆಗಿತ್ತಲ್ಲ, ಆ ವಾರ ಎಷ್ಟ ಹಾಕಾಕ ಆಗತಿತ್ತು?'

ಆ ವಾರ? ಬಹಳವೆಂದರೆ ಮೂರು.

'ಹಂಗಾರ ಮೂರ ಇರ್ಲಿ.'

ಉತ್ಸಾಹ ಉಕ್ಕುವ ವಾರವನ್ನು ಅಳತೆಗೋಲು ಮಾಡಿಕೊಂಡವರು ಮೂರನೇ ತಿಂಗಳಿಗೆ ಸುಸ್ತಾಗುತ್ತಾರೆ. ಮದುವೆ, ಜ್ವರ, ಕರೆಂಟು ಹೋದ ದಿನ, ಜೋಳದ ಬೆಲೆ ಏರಿದ ವಾರ, ಇವೆಲ್ಲದರ ನಡುವೆಯೂ ಎಷ್ಟು ಸಾಗುತ್ತದೋ ಅಷ್ಟನ್ನೇ ಬರೆದುಕೊಳ್ಳಬೇಕು. ಈ ವಿಷಯದಲ್ಲಿ ನಾನು ಓದಿದ ಯಾವ ಪುಸ್ತಕಕ್ಕಿಂತಲೂ ವೈನಿಯ ಡೆಂಗಿ ಲೆಕ್ಕ ನನಗೆ ಸರಿ ಕಂಡಿದೆ.

ಮೂರಕ್ಕೂ ದಿನ ಗೊತ್ತು ಮಾಡಿದೆವು, ಖಾನಾವಳಿಯಲ್ಲಿ ಯಾವ ದಿನ ಯಾವ ಪಲ್ಲೆ ಎಂದು ಗೊತ್ತಿರುವ ಹಾಗೆ. ಮಂಗಳವಾರ ಬೆಲೆ ಮತ್ತು ಈ ವಾರ ಏನಿದೆ ಎಂಬ ಸ್ಟೇಟಸ್. ಗುರುವಾರ ಕೈಕೆಲಸ: ಹಿಟ್ಟು ನಾದುವುದು, ಮೊರದಲ್ಲಿ ಶೇಂಗಾ ಕೇರುವುದು, ಹೆಂಚಿನ ಮೇಲೆ ರೊಟ್ಟಿ ಉಬ್ಬುವುದು. ಶನಿವಾರ ಗಿರಾಕಿಯ ಮಾತು, ಅವರು ಒಪ್ಪಿದರೆ ಮಾತ್ರ. ಸೋಮವಾರ ಏನೂ ಇಲ್ಲ. ಬಸವಣ್ಣನ ವಾರ, ವೈನಿಯ ತವರಿನಲ್ಲಿ ಆ ದಿನ ಎತ್ತು ಹೂಡುವುದಿಲ್ಲ, ಇಲ್ಲಿ ಒಲೆ ಹಚ್ಚುವುದಿಲ್ಲ.

ಗುರುವಾರದ ವಿಡಿಯೊಗಳನ್ನು ತಿಂಗಳಿಗೊಮ್ಮೆ ಒಂದೇ ಮಧ್ಯಾಹ್ನ ಕೂತು ನಾಲ್ಕೂ ಮಾಡಿಡುವುದು. ಮೆಟಾದ ಬಿಸಿನೆಸ್ ಸೂಟಿನಲ್ಲಿ ದಿನ, ಹೊತ್ತು ಗೊತ್ತುಮಾಡಿ ಇಟ್ಟರೆ ತಾನಾಗಿ ಹೋಗುತ್ತದೆ, ಪುಕ್ಕಟೆ. ಹುಡುಗನ ಪರೀಕ್ಷೆ ಇನ್ನು ವ್ಯಾಪಾರಕ್ಕೆ ಅಡ್ಡ ಬರುವಂತಿಲ್ಲ.

ಮಾತಿಗೂ ಒಂದು ಕಟ್ಟಳೆ. ಕಟ್ಟೆಯ ಮೇಲೆ ನಿಂತ ಗಿರಾಕಿಗೆ ಹೇಳುವ ಹಾಗೆಯೇ ಬರೆಯಬೇಕು. 'ಇವತ್ತ ಬದನಿಕಾಯಿ ಎಣ್ಣಿಗಾಯಿ ಐತ್ರಿ, ಹನ್ನೆರಡರ ಒಳಗ ಹೇಳ್ರಿ.' ಇಷ್ಟು ಸಾಕು. ಸಿನಿಮಾ ಹಾಡು ಬೇಡ. ವ್ಯಾಪಾರದ ಖಾತೆಗೆ ಇನ್‌ಸ್ಟಾಗ್ರಾಂ ಎಲ್ಲ ಹಾಡನ್ನೂ ಕೊಡುವುದಿಲ್ಲ, ಹಕ್ಕುಸ್ವಾಮ್ಯದ ತಕರಾರು ಬೇರೆ. ರೊಟ್ಟಿ ಬಡಿಯುವ ಸದ್ದಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

### ಸಾಲೇ ಜಾಹೀರಾತು

ಇಷ್ಟೆಲ್ಲ ಬೇಕೇ ಎಂದು ಕೇಳುವವರು ಚಿಗರಿ ಹತ್ತಿ ಧಾರವಾಡಕ್ಕೆ ಹೋಗಿ ಲೈನ್ ಬಜಾರಿನಲ್ಲಿ ನಿಲ್ಲುತ್ತಾರೆ. ಬಾಬುಸಿಂಗ್ ಠಾಕೂರ್ ಅವರ ಪೇಢೆ ಅಂಗಡಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ಕಾಲದಲ್ಲಿ ಬಂದ ಮನೆತನ. ಅಲ್ಲಿ ಅಂಗಡಿ ಮುಂದಿನ ಸಾಲೇ ಜಾಹೀರಾತು. ಧಾರವಾಡ ಪೇಢೆಗೆ ಭೌಗೋಳಿಕ ಸೂಚಕದ 80ನೇ ಸಂಖ್ಯೆ ದಕ್ಕಿದ್ದು ಯಾವ ಪೋಸ್ಟರಿನಿಂದಲೂ ಅಲ್ಲ.

ಅದೇ ಊರಿನ ಮಿಶ್ರಾ ಪೇಢೆಯವರು ಇನ್ನೊಂದು ದಾರಿ ಹಿಡಿದರು. 1933ರಲ್ಲಿ ಶುರುವಾದ ಅಂಗಡಿ ಊರೂರಿಗೂ ಹಬ್ಬಿತು. ಎರಡೂ ಬದುಕಿವೆ, ಎರಡಕ್ಕೂ ಗಿರಾಕಿಗಳಿದ್ದಾರೆ. ನಾನು ಲೈನ್ ಬಜಾರಿನ ಕಡೆಯವನು, ಅದು ನನ್ನ ನಾಲಿಗೆಯ ಪಕ್ಷಪಾತ. ಆದರೆ ಎರಡರಲ್ಲೂ ಒಂದು ಸಂಗತಿ ಸಮ: ನಿನ್ನೆಯ ಪೇಢೆಯ ರುಚಿಯೇ ಇವತ್ತಿನದ್ದಕ್ಕೂ. ರುಚಿ ಬದಲಾದರೆ ಸಾಲೂ ಕರಗುತ್ತದೆ, ಶಾಖೆಯೂ ಮುಚ್ಚುತ್ತದೆ.

ದಿನಾ ತಪ್ಪದೆ ಸಿಗುವುದರ ಬಲ ಹೆಸರಿಗೂ ಇದೆ. 2024ರ ಜೂನಿನಲ್ಲಿ ಟಿ-20 ವಿಶ್ವಕಪ್ ನಡೆದಾಗ ಸ್ಕಾಟ್ಲೆಂಡ್ ಆಟಗಾರರ ಜೆರ್ಸಿಯ ಮೇಲೆ ಕನ್ನಡದಲ್ಲಿ 'ನಂದಿನಿ' ಎಂದು ಕಂಡು ನಾವೆಲ್ಲ ಹುಚ್ಚೆದ್ದು ಹಂಚಿದ್ದು ನೆನಪಿರಬೇಕು. ಕರ್ನಾಟಕ ಹಾಲು ಮಹಾಮಂಡಳ ಆ ವರ್ಷ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳನ್ನು ಪ್ರಾಯೋಜಿಸಿತ್ತು. ಆ ಫೋಟೊ ಅಷ್ಟು ಓಡಿದ್ದಕ್ಕೆ ಕಾರಣ ಕ್ರಿಕೆಟ್ಟಲ್ಲ. ಆ ಅಕ್ಷರಗಳನ್ನು ನಾವು ದಿನಾ ಬೆಳಿಗ್ಗೆ ಬಾಗಿಲ ಮುಂದೆ ನೋಡುತ್ತ ಬೆಳೆದಿದ್ದೇವೆ.

ಬಾಕ್ಸ್ | ಡಿಪಿಯಲ್ಲಿ ಬಾವುಟ, ಬೆಂಗೇರಿಯಲ್ಲಿ ಚಿಂತೆ

*ಉಣಕಲ್ಲಿಗೆ ಕೂಗಳತೆಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಸ್ಥಾಪನೆ 1957ರ ನವೆಂಬರ್ 1. ಮಾನಕ ಸಂಸ್ಥೆಯ ಪ್ರಮಾಣಪತ್ರದೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೇ ಹೆಸರಾದ ಕೇಂದ್ರ. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯದು. ಅಂಗೈಯಗಲದ 6×4 ಅಂಗುಲದಿಂದ 21×14 ಅಡಿಯವರೆಗೆ ಒಂಬತ್ತು ಅಳತೆ.*

*2022ರ ಆಗಸ್ಟ್ 2ರಿಂದ 15ರವರೆಗೆ ಎಲ್ಲರೂ ಜಾಲತಾಣದ ಡಿಪಿಯಲ್ಲಿ ತ್ರಿವರ್ಣ ಧ್ವಜ ಹಾಕಿಕೊಳ್ಳಬೇಕೆಂದು ಪ್ರಧಾನಿ ಕರೆ ಕೊಟ್ಟರು. ದೇಶದ ಫೋನುಗಳಲ್ಲೆಲ್ಲ ಬಾವುಟ. ಅದೇ ಹೊತ್ತಿನಲ್ಲಿ ಬೆಂಗೇರಿಯವರು ಬೇಡಿಕೆ ಕುಸಿಯಿತೆಂದು ಪ್ರತಿಭಟಿಸುತ್ತಿದ್ದರು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಸ್ಟರ್ ಮತ್ತು ಯಂತ್ರದ ಧ್ವಜಕ್ಕೂ ಅನುಮತಿ ಸಿಕ್ಕಿತ್ತು.*

*ಸರಕು ಎಲ್ಲೆಡೆ ಕಾಣುವುದು ಬೇರೆ, ನಿಮ್ಮಿಂದ ಕೊಳ್ಳುವುದು ಬೇರೆ.*

### ಬಾಡಿಗೆ ಮನೆಯ ಗೋಡೆ

2020ರ ಜೂನ್ 29ರ ರಾತ್ರಿ 59 ಆ್ಯಪ್‌ಗಳನ್ನು ಸರಕಾರ ನಿಷೇಧಿಸಿತು. ಟಿಕ್‌ಟಾಕ್ ಅದರಲ್ಲೊಂದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದರಿಂದಲೇ ಹೆಸರು ಮಾಡಿದ್ದವರ ಹಿಂಬಾಲಕರೆಲ್ಲ ಬೆಳಗಾಗುವುದರಲ್ಲಿ ಇಲ್ಲವಾದರು. ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು. ಹೋದವರಲ್ಲಿ ಕೆಲವರು ಅಲ್ಲಿ ಮತ್ತೆ ಒಂದರಿಂದ ಎಣಿಕೆ ಶುರು ಮಾಡಿದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಯಾಪ್ ಮೂರೂ ಸುಮಾರು ಆರು ತಾಸು ಕಣ್ಣು ಮುಚ್ಚಿದ್ದವು. ಜಗತ್ತು ಮುಳುಗಲಿಲ್ಲ. ಆದರೆ ಗಿರಾಕಿಯ ನಂಬರು ಬೇರೆಲ್ಲೂ ಬರೆದಿಡದ ಅಂಗಡಿಯವರು ಅಂಗೈ ನೋಡಿಕೊಂಡು ಕೂತಿದ್ದರು.

ಜಾಲತಾಣದ ಪುಟ ಬಾಡಿಗೆ ಮನೆ. ಮೊಳೆ ಹೊಡೆಯಬಹುದು, ಗೋಡೆ ನಿಮ್ಮದಲ್ಲ. ಹಾಗಾಗಿ ವೈನಿಯ ಉದ್ರಿ ವಹಿಯ ಪಕ್ಕ ಈಗ ಇನ್ನೊಂದು ವಹಿ. ಗಿರಾಕಿಯ ಹೆಸರು, ನಂಬರು, ಏನು ಒಯ್ದರು, ಎಲ್ಲಿ ನೋಡಿ ಬಂದರು. ಕೊನೆಯ ಕಲಮಿನಲ್ಲಿ ಆಕೆ ಮೂರೇ ಅಕ್ಷರ ಬರೆಯುತ್ತಾಳೆ: ವಾ, ಇ, ಬಾ. ವಾಟ್ಸ್ಯಾಪು, ಇನ್‌ಸ್ಟಾಗ್ರಾಂ, ಬಾಯಿಮಾತು. ತಿಂಗಳ ಕೊನೆಗೆ ಎಣಿಸಿದರೆ ಯಾವ ಕಡೆ ಕೈ ಹಾಕಬೇಕೆಂದು ತಿಳಿಯುತ್ತದೆ. ಹೆಚ್ಚಿನ ತಿಂಗಳು 'ಬಾ' ಗೆಲ್ಲುತ್ತದೆ, ಅದರ ಬೆನ್ನಿಗೆ 'ವಾ'. 'ಇ' ಪಂಚಮಿ, ಸಂಕ್ರಾಂತಿಯಲ್ಲಿ ಏಳುತ್ತದೆ.

ದುಡ್ಡು ಕೊಟ್ಟು ಪೋಸ್ಟು ಓಡಿಸುವ ಬೂಸ್ಟನ್ನು ಒಂದೇ ಬಾರಿ ಮಾಡಿದ್ದೇವೆ. ಪಂಚಮಿಗೆ ಮುಂಚೆ, ಹುಬ್ಬಳ್ಳಿ-ಧಾರವಾಡದೊಳಗೆ ಮಾತ್ರ ಕಾಣುವಂತೆ. ರಾಜ್ಯಕ್ಕೆಲ್ಲ ತೋರಿಸಿ ಆಗುವುದೇನು? ಬಿಸಿ ರೊಟ್ಟಿ ರಾಯಚೂರಿಗೆ ಹೋಗುವುದಿಲ್ಲ.

ಈ ನಡುವೆ ಒಬ್ಬ ಫುಡ್ ವ್ಲಾಗರ್ ಬಂದಿದ್ದ. ಊಟ ಪುಕ್ಕಟೆ, ಮೇಲೆ ಐದು ಸಾವಿರ. ಕೊಟ್ಟರೆ 'ಉತ್ತರ ಕರ್ನಾಟಕದ ನಂಬರ್ ಒನ್ ರೊಟ್ಟಿ' ಎಂದು ವಿಡಿಯೊ. ಹಣ ಪಡೆದದ್ದನ್ನು ವಿಡಿಯೊದಲ್ಲಿ ಹೇಳುತ್ತೀಯಾ ಎಂದು ಹುಡುಗ ಕೇಳಿದ. ಹೇಳಿದರೆ ಯಾರು ನಂಬುತ್ತಾರೆ ಎಂದನಂತೆ. ಮಾತು ಅಲ್ಲಿಗೇ ಮುಗಿಯಿತು. ಹಣ ಪಡೆದದ್ದನ್ನು ಹೇಳಲೇಬೇಕೆಂಬ ಕಟ್ಟಳೆಯೂ ಇದೆ.

ಬಾಕ್ಸ್ | ಪೋಸ್ಟು ಹಾಕುವ ಮುಂಚೆ

*ಹಣವನ್ನೋ ಪುಕ್ಕಟೆ ಸರಕನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ವಿಡಿಯೊ ಕನ್ನಡದಲ್ಲಿದ್ದರೆ ಆ ಸೂಚನೆಯೂ ಕನ್ನಡದಲ್ಲೇ ಇರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ.*

*ಮನೆಯಲ್ಲೇ ತಿಂಡಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ಅದರ ಶುಲ್ಕ ಹೆಚ್ಚೇನಿಲ್ಲ. ನೋಂದಣಿ ಸಂಖ್ಯೆ ಪೊಟ್ಟಣದ ಮೇಲಿರಬೇಕು.*

### ಸಂಜೆ ನಾಲ್ಕರಿಂದ ಐದು

ಬದಲಾದದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉತ್ತರ ಕೊಡುವ ಹೊತ್ತು. ಮೊದಲು ರಾತ್ರಿ ಹನ್ನೊಂದಕ್ಕೂ 'ಎಷ್ಟ್ರಿ?' ಎಂದು ಸಂದೇಶ ಬಂದರೆ ವೈನಿ ಕನ್ನಡಕ ಹುಡುಕಿ ಉತ್ತರ ಒತ್ತುತ್ತಿದ್ದಳು. ಈಗ ಸಂಜೆ ನಾಲ್ಕರಿಂದ ಐದು ಮಾತ್ರ. ಉಳಿದ ಹೊತ್ತಿಗೆ ತಾನಾಗಿ ಹೋಗುವ ಉತ್ತರವನ್ನು ಆಕೆಯೇ ಹೇಳಿ ಬರೆಸಿದ್ದಾಳೆ: 'ಕೈಯಾಗ ಹಿಟ್ಟ ಐತ್ರಿ. ಸಂಜೀಕ ನಾಕರ ಮ್ಯಾಲೆ ಹೇಳ್ತೀನಿ.'

ಜನ ಸಿಟ್ಟಾಗುತ್ತಾರೇನೋ ಎಂದು ನಾನು ಹೆದರಿದ್ದೆ. ಆಗಲಿಲ್ಲ. ಆ ಉತ್ತರವನ್ನೇ ಸ್ಕ್ರೀನ್‌ಶಾಟ್ ತೆಗೆದು ಹಂಚಿಕೊಂಡವರಿದ್ದಾರೆ.

ಬೈಗುಳಕ್ಕೂ ಒಂದು ರೀತಿ ಗೊತ್ತಾಗಿದೆ. ರೊಟ್ಟಿ ಕೆಟ್ಟಿತ್ತು ಎಂದವರಿಗೆ ಅದೇ ದಿನ ಉತ್ತರ, ಹೊಸ ರೊಟ್ಟಿ ಇಲ್ಲವೇ ದುಡ್ಡು ವಾಪಸು. ವಾದ ಇಲ್ಲ. ಜಾತಿ, ಪಕ್ಷ, ಧರ್ಮ ಎತ್ತಿಕೊಂಡು ಬರುವವರಿಗೆ ಉತ್ತರವೇ ಇಲ್ಲ.

ಚೂರಾದ ರೊಟ್ಟಿಯ ಫೋಟೊ ಹಾಕಿದ್ದ ಬೆಂಗಳೂರಿನವರಿಗೆ ವೈನಿ ಆರು ತಿಂಗಳ ಮೇಲೆ, ಕೇಳದೆಯೇ, ಇಪ್ಪತ್ತೈದು ರೊಟ್ಟಿ ಕಳಿಸಿದಳು. ಈ ಬಾರಿ ಗಟ್ಟಿ ಡಬ್ಬಿ, ರೊಟ್ಟಿಯ ಅಳತೆಗೆ ಕತ್ತರಿಸಿದ ರಟ್ಟು, ಮೇಲೆ ಕೆಳಗೆ ಕಾಗದ. ಅವರು ಹಳೆಯ ಕಾಮೆಂಟಿನ ಕೆಳಗೆ 'ರೊಟ್ಟಿ ಬಂತು' ಎಂದಷ್ಟೇ ಬರೆದರು. ಈಗ ಅವರು ತಿಂಗಳ ಗಿರಾಕಿ.

ಈ ಶ್ರಾವಣದಲ್ಲೂ ಹುಡುಗ ಕೆರೆಯ ದಂಡೆಗೆ ಹೋಗಿ ಬಂದ. ವಿಡಿಯೊ ಚೆನ್ನಾಗಿದೆ. ಹಾಕುವ ಮುಂಚೆ ಅವ್ವನನ್ನು ಕೇಳಿದ. ಆಕೆ ಕ್ಯಾಲೆಂಡರ್ ನೋಡಿದಳು. ಪಂಚಮಿಯ ಉಂಡಿಯ ಆರ್ಡರು ತುಂಬಿತ್ತು. 'ಗುರುವಾರಕ್ಕ ಇಡು' ಅಂದಳು.

ಅಂದ ಹಾಗೆ ಉಂಡಿ ಮುಗಿದಿವೆ. ಕಡಕ್ ರೊಟ್ಟಿ ಬೇಕಾದವರು ಮಂಗಳವಾರ ಸಂಜೆ ಐದರೊಳಗೆ ಹೇಳಬೇಕು. ಸೋಮವಾರ ಫೋನ್ ಮಾಡಬೇಡಿ, ಎತ್ತುವುದಿಲ್ಲ.